ಕ್ಲಿನಿಕ್ಕನ್ನು ಹಸಿರು ಮಾಡಬೇಕು: ಸೋಲಾರ್ ಮೊದಲಾ, ಚೀಟಿ ಮೊದಲಾ?

ಬೆಂಗಳೂರಿನಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರ್ ಗೆಳೆಯರು ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪರಿಸರಕ್ಕೆ ನಮ್ಮ ಕೈಲಾದದ್ದು ಮಾಡಬೇಕು ಅನ್ನಿಸಿದೆ, ಎಲ್ಲಿಂದ ಶುರು ಮಾಡೋದು? ಒಬ್ಬರಿಗೆ ತಾರಸಿ ಮೇಲೆ ಸೋಲಾರ್ ಹಾಕಿಸುವ ಆಸೆ. ಇನ್ನೊಬ್ಬರಿಗೆ ದಿನವೂ ತುಂಬುವ ಪ್ಲಾಸ್ಟಿಕ್ ಚೀಲ ನೋಡಿ ಬೇಜಾರು. ಮತ್ತೊಬ್ಬರು ಪೇಪರ್ ಬಿಟ್ಟು ಎಲ್ಲವನ್ನೂ ವಾಟ್ಸಾಪ್‌ಗೆ ತರಬೇಕು ಅಂತಾರೆ. ದುಡ್ಡು, ಸಮಯ, ಕೆಲಸದ ಜನ ಮೂರೂ ಅಷ್ಟಕ್ಕಷ್ಟೇ ಇರುವಾಗ ಎಲ್ಲ ಒಟ್ಟಿಗೆ ಆಗುವ ಮಾತಲ್ಲ. ಒಂದನ್ನು ಮೊದಲು ಹಿಡಿಯಬೇಕು.

ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆಯ 2019ರ ಅಂದಾಜಿನ ಪ್ರಕಾರ, ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಜಗತ್ತಿನ ಒಟ್ಟು ಲೆಕ್ಕದ ಶೇ. 4.4ರಷ್ಟು ಆರೋಗ್ಯ ಕ್ಷೇತ್ರದ್ದು. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಬರುವುದು ನಾವು ಕೊಳ್ಳುವ, ಬರೆಯುವ, ಬಳಸಿ ಬಿಸಾಡುವ ವಸ್ತುಗಳ ತಯಾರಿ ಮತ್ತು ಸಾಗಣೆಯಿಂದ. ಆಸ್ಪತ್ರೆಯ ಲೈಟು, ಎಸಿ, ಜನರೇಟರ್ ಎಲ್ಲ ಸೇರಿದರೂ ಅದಕ್ಕಿಂತ ಕಡಿಮೆ. ಈ ಒಂದು ಸಂಗತಿ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಯಾವುದರಿಂದ ಅಳೆಯೋಣ?

ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೊದಲನೆಯದು, ರೋಗಿಯ ಚಿಕಿತ್ಸೆಗೆ ಸ್ವಲ್ಪವಾದರೂ ಏಟು ಬೀಳುತ್ತಾ? ಬೀಳುತ್ತೆ ಅಂದರೆ ಆ ಆಯ್ಕೆ ಅಲ್ಲಿಗೇ ಮುಗಿಯಿತು, ಇದರಲ್ಲಿ ಚೌಕಾಸಿ ಇಲ್ಲ. ಎರಡನೆಯದು, ನಿಜಕ್ಕೂ ಎಷ್ಟು ಕಡಿಮೆಯಾಗುತ್ತೆ? ಕಣ್ಣಿಗೆ ಕಾಣುವುದಕ್ಕೂ ಲೆಕ್ಕಕ್ಕೆ ಸಿಗುವುದಕ್ಕೂ ಬಹಳ ವ್ಯತ್ಯಾಸ ಇರುತ್ತೆ. ಮೂರನೆಯದು ಖರ್ಚು. ನಿಮ್ಮ ಖರ್ಚಿನ ಜೊತೆ ರೋಗಿಯ ಜೇಬನ್ನೂ ನೋಡಬೇಕು. ನಾಲ್ಕನೆಯದು, ವಿಷಯ ನಿಮ್ಮ ಕೈಯಲ್ಲಿದೆಯಾ? ಬಾಡಿಗೆ ಮಳಿಗೆಯ ತಾರಸಿ ಓನರ್‌ದು. ಔಷಧಿ ಬರೆಯುವ ಚೀಟಿ ಮಾತ್ರ ಪೂರ್ತಿ ನಿಮ್ಮದು.

ಹೋಲಿಸೋಕೆ ಒಂದು ಅಳತೆಯೂ ಬೇಕಲ್ವಾ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಕರ್ನಾಟಕದಲ್ಲಿ ಗಾಳಿ, ಬಿಸಿಲು, ನೀರಿನ ಕರೆಂಟು ಜಾಸ್ತಿ ಇದೆ ನಿಜ. ಆದರೆ ಗ್ರಿಡ್ ಇಡೀ ದೇಶದ್ದು, ಹಾಗಾಗಿ ಸರಾಸರಿಯನ್ನೇ ಹಿಡಿದಿದ್ದೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ. ಇವೆರಡು ಗೊತ್ತಿದ್ದರೆ ಉಳಿದದ್ದನ್ನು ಚೀಟಿಯ ಹಿಂಭಾಗದಲ್ಲೇ ಲೆಕ್ಕ ಹಾಕಬಹುದು.

ಉಬ್ಬಸದ ಪಂಪು

ಮೊದಲು ಇದನ್ನೇ ಯಾಕೆ ಎತ್ತಿಕೊಂಡೆ ಅಂದರೆ, ಫ್ಯಾಮಿಲಿ ಡಾಕ್ಟರ್ ಬರೆಯುವ ಔಷಧಿಗಳಲ್ಲಿ ಒಂದೊಂದರ ಲೆಕ್ಕದಲ್ಲಿ ಇದರ ಭಾರ ತುಂಬಾ ಜಾಸ್ತಿ. ಒತ್ತಿ ಎಳೆಯುವ ಪಂಪಿನಲ್ಲಿ ಔಷಧಿಯನ್ನು ಹೊರಗೆ ತಳ್ಳುವುದು ಒಂದು ಅನಿಲ. ಬಹುತೇಕ ಪಂಪುಗಳಲ್ಲಿ ಅದು ಎಚ್‌ಎಫ್‌ಸಿ-134ಎ, ಕೆಲವದರಲ್ಲಿ ಎಚ್‌ಎಫ್‌ಸಿ-227ಇಎ. ಮೊದಲಿದ್ದ ಸಿಎಫ್‌ಸಿ ಓಝೋನ್ ಪದರಕ್ಕೆ ತೂತು ಮಾಡುತ್ತಿತ್ತು ಅಂತ ಇವು ಬಂದವು. ಓಝೋನ್‌ಗೆ ಇವುಗಳಿಂದ ತೊಂದರೆಯಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೊದಲನೆಯದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು, ಎರಡನೆಯದು ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಒಳಗೆ ಎಷ್ಟು ಗ್ರಾಂ ಅನಿಲ ಇದೆ ಅನ್ನುವುದರ ಮೇಲೆ, 200 ಡೋಸಿನ ಒಂದು ಪಂಪಿನ ಭಾರ ಸುಮಾರು 10ರಿಂದ 25 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಪುಡಿ ಎಳೆಯುವ ಸಾಧನದಲ್ಲಿ ತಳ್ಳುವ ಅನಿಲವೇ ಇಲ್ಲ. ರೋಗಿಯ ಉಸಿರೇ ಅದನ್ನು ಎಳೆದುಕೊಳ್ಳುತ್ತದೆ. ತಯಾರಿಯ ಲೆಕ್ಕ ಸೇರಿಸಿದರೂ ಅದರ ಭಾರ ಪಂಪಿನ ಮುಂದೆ ತೀರಾ ಚಿಕ್ಕದು.

ಈ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ರೋಟಾಕ್ಯಾಪ್ (ಪುಡಿ ತುಂಬಿದ ಕ್ಯಾಪ್ಸುಲ್) ಹಾಕಿ ಎಳೆಯುವ ರೋಟಾಹೇಲರ್, ಲೂಪಿಹೇಲರ್ ಥರದವು ನಮ್ಮಲ್ಲಿ ಹೊಸದೇನಲ್ಲ. ಬಡಾವಣೆಯ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತವೆ, ರೋಗಿಗಳಿಗೂ ಪರಿಚಯ ಇದೆ. ಬ್ರಿಟನ್ನಿನ ಡಾಕ್ಟರುಗಳು ಈ ಬದಲಾವಣೆಗೆ ಎಷ್ಟು ಹೆಣಗಬೇಕೋ ಅಷ್ಟು ನಾವು ಹೆಣಗಬೇಕಿಲ್ಲ.

ಆದರೂ ಎಲ್ಲರಿಗೂ ಪುಡಿ ಅನ್ನುವ ಹಾಗಿಲ್ಲ. ಅದನ್ನು ಒಂದೇ ಸಲಕ್ಕೆ ಜೋರಾಗಿ, ಆಳವಾಗಿ ಎಳೆಯಬೇಕು. ಐದಾರು ವರ್ಷದೊಳಗಿನ ಮಕ್ಕಳಿಗೆ ಅದು ಆಗದು, ಅವರಿಗೆ ಪಂಪು ಮತ್ತು ಅದಕ್ಕೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ರೇ ಸರಿ. ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಲಿತು ಸೊರಗಿದ ಅಜ್ಜನಿಗೂ ಅಷ್ಟೇ. ಉಬ್ಬಸ ಜೋರಾಗಿ ಕೆರಳಿದಾಗ ಯಾರಿಗೇ ಆಗಲಿ ಪಂಪು-ಸ್ಪೇಸರ್ ಅಥವಾ ಔಷಧಿಯನ್ನು ಮಂಜು ಮಾಡಿ ಕೊಡುವ ನೆಬುಲೈಸರ್ ಬೇಕು. ಆಗ ಪರಿಸರದ ಮಾತು ಎತ್ತುವುದೇ ತಪ್ಪು. ಕೈ ನಡುಗುವವರಿಗೆ ಕ್ಯಾಪ್ಸುಲ್ ಹಾಕಿ ತಿರುಗಿಸುವುದು ಕಷ್ಟ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಪುಡಿ ತೇವ ಹಿಡಿದು ಅಂಟಿಕೊಳ್ಳುತ್ತೆ. ಸ್ನಾನದ ಮನೆಯ ಶೆಲ್ಫಿನಲ್ಲಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಖರ್ಚೂ ಒಂದೇ ಥರ ಇಲ್ಲ. ಸಾಧನ ಒಮ್ಮೆ ಕೊಂಡರೆ ಆಮೇಲೆ ಕ್ಯಾಪ್ಸುಲ್ ಮಾತ್ರ. ಒಂದು ಡಬ್ಬಿ ಕ್ಯಾಪ್ಸುಲ್ ಸಾಮಾನ್ಯವಾಗಿ ಪಂಪಿಗಿಂತ ಅಗ್ಗ, ಹಾಗಾಗಿ ವಾರದ ಕೂಲಿಯವರಿಗೆ ಅದೇ ಅನುಕೂಲ. ಆದರೆ ಎರಡು ಔಷಧಿ ಸೇರಿದ ಕೆಲವು ಬಗೆಗಳಲ್ಲಿ ದಿನದ ಲೆಕ್ಕ ಹಾಕಿದರೆ ಪಂಪೇ ಕಡಿಮೆಗೆ ಬೀಳುತ್ತದೆ. ಅಂಥ ಕಡೆ ರೋಗಿಯ ದುಡ್ಡಲ್ಲಿ ಭೂಮಿ ಉಳಿಸಲು ಹೊರಡಬೇಡಿ. ಪಕ್ಕದ ಮೆಡಿಕಲ್ ಶಾಪಿನಲ್ಲಿ ನೀವು ಹೆಚ್ಚು ಬರೆಯುವ ನಾಲ್ಕು ಔಷಧಿಗಳಿಗೆ ದಿನಕ್ಕೆ ಎಷ್ಟು ಬೀಳುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಜನೌಷಧಿ ಕೇಂದ್ರ ಹತ್ತಿರ ಇದ್ದರೆ ಅಲ್ಲಿನ ದರವನ್ನೂ ಪಕ್ಕದಲ್ಲೇ ಬರೆಯಿರಿ.

ಪಂಪನ್ನು ಬದಲಿಸುವುದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿದೆ. ಬರೀ ಆರಾಮ ಕೊಡುವ ಸಾಲ್ಬುಟಮಾಲ್ ಪಂಪನ್ನೇ ತಿಂಗಳು ತಿಂಗಳು ಕೊಳ್ಳುವವರು ಎಷ್ಟೋ ಜನ. ವರ್ಷಕ್ಕೆ ಅಂಥ ಮೂರು ಪಂಪು ಖಾಲಿಯಾಗುತ್ತಿದ್ದರೆ ಉಬ್ಬಸ ಕೆರಳುವ ಅಪಾಯ ಹೆಚ್ಚು ಅಂತ ಉಬ್ಬಸದ ಚಿಕಿತ್ಸೆಗೆ ಜಗತ್ತಿನಾದ್ಯಂತ ಬಳಸುವ ಗೀನಾ ಮಾರ್ಗಸೂಚಿ ಹೇಳುತ್ತದೆ. ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬೇಡಿ ಅಂತ 2019ರಿಂದಲೇ ಅದು ಹೇಳುತ್ತಿದೆ. ಇಂಥವರಿಗೆ ಸರಿಯಾದ ಸ್ಟೀರಾಯ್ಡ್ ಇನ್ಹೇಲರ್ ಶುರು ಮಾಡಿ, ಎಳೆಯುವ ರೀತಿ ತೋರಿಸಿಕೊಟ್ಟರೆ ಪಂಪು ತಾನಾಗಿ ಕಡಿಮೆಯಾಗುತ್ತದೆ, ಆಸ್ಪತ್ರೆಗೆ ಓಡುವುದೂ ತಪ್ಪುತ್ತದೆ. ಧೂಳು, ಕಾಂಗ್ರೆಸ್ ಗಿಡದ ಪರಾಗ, ಟ್ರಾಫಿಕ್ ಹೊಗೆ ಮೂರೂ ಇರುವ ನಮ್ಮ ಊರಿನಲ್ಲಿ ಈ ಕೆಲಸಕ್ಕೆ ರೋಗಿಗಳ ಕೊರತೆ ಇಲ್ಲ.

ಒಂದು ಎಚ್ಚರಿಕೆ. 'ಪಂಪು ಅಭ್ಯಾಸ ಆಗಿಬಿಡುತ್ತೆ ಡಾಕ್ಟ್ರೇ' ಅಂತ ಹೆದರಿ ಸಿರಪ್ಪು ಮಾತ್ರೆಯಲ್ಲೇ ವರ್ಷಗಟ್ಟಲೆ ದೂಡುವವರು ನಮ್ಮಲ್ಲಿ ಇದ್ದಾರೆ. ಅವರ ಕಿವಿಗೆ 'ಪಂಪು ಪರಿಸರಕ್ಕೆ ಕೆಟ್ಟದ್ದು' ಅನ್ನುವ ಮಾತು ಬಿದ್ದರೆ ಇನ್ನೊಂದು ನೆಪ ಸಿಕ್ಕ ಹಾಗೆ. ಈ ಲೆಕ್ಕ ನಿಮ್ಮ ಮೇಜಿನ ಈಚೆಗೇ ಇರಲಿ. ಇರುವ ಪಂಪಿನಲ್ಲಿ ಚೆನ್ನಾಗಿರುವವರನ್ನು ಸುಮ್ನೆ ಎಬ್ಬಿಸಬೇಡಿ, ಹೊಸದಾಗಿ ಶುರು ಮಾಡುವವರಿಂದ ಆರಂಭಿಸಿ. ಖಾಲಿ ಪಂಪನ್ನು ಉರಿಯುವ ಕಸಕ್ಕೆ ಹಾಕಬಾರದು ಅನ್ನುವುದನ್ನು ಮಾತ್ರ ಎಲ್ಲರಿಗೂ ಹೇಳಿ. ಒಳಗೆ ಅನಿಲ ಉಳಿದಿರುತ್ತೆ, ಬಿಸಿ ತಾಗಿದರೆ ಸಿಡಿಯುತ್ತೆ.

ಬರೆಯದೆ ಬಿಟ್ಟ ಔಷಧಿ

ಇದಕ್ಕೆ ಒಂದು ಪೈಸೆಯೂ ಬೇಡ. ಬೇಕಾಗಿರುವುದು ರೋಗಿಗೆ ವಿವರಿಸಲು ಮೂರು ನಿಮಿಷ. ಸಂಜೆ ಏಳು ಗಂಟೆಗೆ ಹೊರಗೆ ಇಪ್ಪತ್ತು ಜನ ಕೂತಿರುವಾಗ ಆ ಮೂರು ನಿಮಿಷವೇ ದುಬಾರಿ ಅನ್ನುವುದು ನನಗೂ ಗೊತ್ತು. ವೈರಲ್ ಜ್ವರಕ್ಕೆ ಆಂಟಿಬಯಾಟಿಕ್, ಸುಸ್ತಿಗೆ ಡ್ರಿಪ್, 'ಒಂದು ಸೂಜಿ ಹಾಕಿಬಿಡಿ' ಅಂದವರಿಗೆ ಇಂಜೆಕ್ಷನ್, ಕೇಳಿದ್ದಕ್ಕೆಲ್ಲ ವಿಟಮಿನ್, ಬಿಡಬಹುದಾದವು ಇವೇ. ಒಂದು ಡ್ರಿಪ್ ಅಂದರೆ ಬಾಟಲಿ, ಟ್ಯೂಬು, ಕ್ಯಾನುಲಾ, ಅಂಟುಪಟ್ಟಿ, ಹತ್ತಿ, ಗ್ಲೌಸ್ ಇಷ್ಟೂ ಕಸ. ಕುಡಿಯಲು ಆಗುವ ರೋಗಿಗೆ ಓಆರ್‌ಎಸ್ ಪೊಟ್ಟಣ ಸಾಕು.

ಮೈಯಿಂದ ಹೊರಬಿದ್ದ ಔಷಧಿ ಎಲ್ಲಿಗೆ ಹೋಗುತ್ತೆ ಅಂತಲೂ ನೋಡಬೇಕು. ಬೆಂಗಳೂರಿನ ಒಳಚರಂಡಿ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಸಾಮಾನ್ಯ ಸಂಸ್ಕರಣಾ ಘಟಕಗಳು ಔಷಧಿಯ ಅಂಶ ಪೂರ್ತಿ ತೆಗೆಯಲು ಕಟ್ಟಿದವಲ್ಲ. ಔಷಧಿ ಪ್ರಕೃತಿಯಲ್ಲಿ ಏನು ಮಾಡಬಲ್ಲದು ಅನ್ನುವುದಕ್ಕೆ ರಣಹದ್ದುಗಳೇ ಸಾಕ್ಷಿ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಕೊಟ್ಟ ದನ ಸತ್ತ ಮೇಲೆ ಅದನ್ನು ತಿಂದ ಹದ್ದುಗಳು ಕಿಡ್ನಿ ಹೋಗಿ ಸತ್ತವು. ದನಗಳಿಗೆ ಕೊಡುವ ಡೈಕ್ಲೋಫೆನಾಕನ್ನು ಸರ್ಕಾರ 2006ರಲ್ಲಿ ನಿಲ್ಲಿಸಿತು. ಆಮೇಲೂ ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳನ್ನೇ ದನಕ್ಕೆ ಚುಚ್ಚುತ್ತಿದ್ದರು. ಅದಕ್ಕೇ 2015ರಲ್ಲಿ ಸೀಸೆಯ ಅಳತೆ 3 ಎಂಎಲ್‌ಗೆ ಇಳಿಯಿತು. ನಾವು ದಿನವೂ ಒಡೆಯುವ ಆ ಚಿಕ್ಕ ಆಂಪೂಲಿನ ಹಿಂದೆ ಇಷ್ಟು ಕಥೆ ಇದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳನ್ನು ನೋಡಲು ಮೈಸೂರು ರಸ್ತೆಯಲ್ಲಿ ಒಂದು ಗಂಟೆ ಹೋದರೆ ಸಾಕು.

ಅಡ್ಡಿ ಏನೆಂದರೆ, ಇದರ ಫಲ ಕಿಲೋ ಲೆಕ್ಕದಲ್ಲಿ ಸುಲಭವಾಗಿ ಸಿಗುವುದಿಲ್ಲ. ಕೆಲವು ರೋಗಿಗಳು 'ಏನೂ ಕೊಡಲಿಲ್ಲ' ಅಂತ ಮುನಿಸಿಕೊಂಡು ಎದುರು ಕ್ಲಿನಿಕ್ಕಿಗೆ ಹೋಗಲೂಬಹುದು. ಹಳೆಯ ಕ್ಲಿನಿಕ್ಕಿಗೆ, ಎರಡು ತಲೆಮಾರು ನೋಡಿದ ಡಾಕ್ಟರಿಗೆ ಇದು ಸುಲಭ. ಹೋದ ವರ್ಷ ಬೋರ್ಡ್ ಹಾಕಿದವರಿಗೆ ಕಷ್ಟ. ಹೊಸಬರು ಡ್ರಿಪ್ಪಿನಿಂದ ಶುರು ಮಾಡಲಿ, ಆಂಟಿಬಯಾಟಿಕ್ ವಿಷಯದಲ್ಲಿ 'ಎರಡು ದಿನ ನೋಡೋಣ, ಜ್ವರ ಬಿಡದಿದ್ದರೆ ಫೋನ್ ಮಾಡಿ' ಅನ್ನುವ ದಾರಿ ಹಿಡಿಯಲಿ.

ಸೋಲಾರ್, ಎಸಿ, ಫ್ಯಾನು

ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಸೋಲಾರ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹುಟ್ಟುತ್ತೆ. ಎರಡು ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ 240 ಯೂನಿಟ್, ಅಂದರೆ ಸುಮಾರು 170 ಕೆಜಿ ಉಳಿತಾಯ. ಖರ್ಚು ಒಂದೂಕಾಲು ಲಕ್ಷದ ಆಸುಪಾಸು. ಈಗ ಪಂಪಿನ ಪಕ್ಕ ಇಟ್ಟು ನೋಡಿ. ಪಂಪಿಗೆ 15 ಕೆಜಿ ಹಿಡಿದರೂ, ತಿಂಗಳಿಗೆ ಹನ್ನೊಂದು ಪಂಪು ಪುಡಿಗೆ ಬದಲಾದರೆ ಅಷ್ಟೇ ಉಳಿತಾಯ ಆಯಿತು. ಅದೂ ಬಂಡವಾಳ ಇಲ್ಲದೆ.

ಹಾಗಂತ ಸೋಲಾರ್ ಬೇಡ ಅನ್ನುವುದಿಲ್ಲ. ಸ್ವಂತ ಮನೆ, ಕೆಳಗೆ ಕ್ಲಿನಿಕ್, ತಾರಸಿಯಲ್ಲಿ ಬಿಸಿಲು ಇರುವವರಿಗೆ ಅದು ಒಳ್ಳೆಯ ಹೂಡಿಕೆ. ನೆನಪಿರಲಿ, 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಸಬ್ಸಿಡಿ ಮನೆಗಳಿಗೆ ಮಾತ್ರ. 3 ಕಿಲೋವ್ಯಾಟ್ ಮತ್ತು ಮೇಲಕ್ಕೆ 78,000 ರೂಪಾಯಿ. ಕ್ಲಿನಿಕ್ಕಿಗೆ ಬೇರೆ ಕಮರ್ಷಿಯಲ್ ಮೀಟರ್ ಇದ್ದರೆ ಆ ಮೀಟರಿಗೆ ಸಿಗದು, ಮೇಲಿನ ಮನೆಯ ಮೀಟರಿಗೆ ಕೇಳಬಹುದು. ಬಾಡಿಗೆಯವರು ಓನರ್ ಜೊತೆ ಕರಾರು ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ದುಡ್ಡು ಕಡಿಮೆ ಇದ್ದರೆ ಫ್ಯಾನು ಬದಲಿಸಿ. ಹಳೇ ಫ್ಯಾನು 75 ವ್ಯಾಟ್ ತಿಂದರೆ ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ನಾಲ್ಕು ಫ್ಯಾನು ದಿನಕ್ಕೆ ಎಂಟು ಗಂಟೆಯಂತೆ ತಿಂಗಳಲ್ಲಿ ಇಪ್ಪತ್ತೈದು ದಿನ ತಿರುಗಿದರೆ ಮೂವತ್ತಾರು ಯೂನಿಟ್ ಉಳಿಯುತ್ತೆ. ದೊಡ್ಡ ಮೊತ್ತವಲ್ಲ, ಆದರೆ ಹಾಕಿ ಮರೆತುಬಿಡಬಹುದು.

ಎಸಿ ವಿಚಾರದಲ್ಲಿ ಕರೆಂಟಿಗಿಂತ ಗ್ಯಾಸು ನೋಡಿ. ಪ್ರತಿ ಬೇಸಿಗೆ 'ಗ್ಯಾಸ್ ಕಮ್ಮಿಯಾಗಿದೆ ಸಾರ್' ಅಂತ ಮೆಕ್ಯಾನಿಕ್ ತುಂಬಿಸಿ ಹೋಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಆರ್-410ಎ ಗ್ಯಾಸು ಒಂದು ಕೆಜಿ ಸೋರಿದರೆ ಎರಡು ಸಾವಿರ ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ, ಅಂದರೆ ಮೇಲೆ ಹೇಳಿದ ಸೋಲಾರ್‌ನ ಒಂದು ವರ್ಷದ ದುಡಿಮೆ ನೀರುಪಾಲು. ಸೋರುವ ಜಾಗ ಹುಡುಕಿಸಿ ಬೆಸುಗೆ ಹಾಕಿಸಿ. ಹೊಸದು ಕೊಳ್ಳುವುದಿದ್ದರೆ ಭೂಮಿಯನ್ನು ಅದಕ್ಕಿಂತ ಕಡಿಮೆ ಬಿಸಿ ಮಾಡುವ ಆರ್-32 ಅಥವಾ ಆರ್-290 ಗ್ಯಾಸು ಇರುವುದು ನೋಡಿ. 2024ರ ಏಪ್ರಿಲ್‌ನಲ್ಲಿ 38 ಡಿಗ್ರಿ ದಾಟಿದ ಊರಿದು, ಎಸಿಯೇ ಬೇಡ ಅನ್ನಲಾರೆ. ಆದರೆ ರೋಗಿಗಳು ಕಾಯುವ ಜಾಗಕ್ಕೆ ಎದುರುಬದುರು ಕಿಟಕಿ ತೆರೆದರೆ ತಂಪೂ ಆಯಿತು, ಕೆಮ್ಮುವವರ ನಡುವೆ ಗಾಳಿಯೂ ಆಡಿತು. ಟಿಬಿ, ಫ್ಲೂ ಹರಡುವುದು ಮುಚ್ಚಿದ ಕೋಣೆಯಲ್ಲೇ ಜಾಸ್ತಿ. ಲಸಿಕೆಯ ಫ್ರಿಜ್ ಮಾತ್ರ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅಲ್ಲಿ ಕರೆಂಟು ಉಳಿಸಲು ಹೋಗಬೇಡಿ.

ಕಸದ ಚೀಲಗಳು

ಇದು ಆಯ್ಕೆಯಲ್ಲ, ಕಾನೂನು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಒಂದೇ ಕೋಣೆಯ ಕ್ಲಿನಿಕ್ಕಿಗೂ ಅನ್ವಯಿಸುತ್ತದೆ. ಪರಿಸರಕ್ಕೆ ಲಾಭ ಇರುವುದು ಕಸವನ್ನು ಸರಿಯಾದ ಬಣ್ಣದ ಚೀಲಕ್ಕೆ ಹಾಕುವುದರಲ್ಲಿ. ಹಳದಿ ಚೀಲದ್ದು ಸುಡಲು ಹೋಗುತ್ತೆ. ಕೆಂಪು ಚೀಲದ ಪ್ಲಾಸ್ಟಿಕ್ ಬಿಸಿ ಹಬೆಯಲ್ಲಿ ಶುದ್ಧವಾಗಿ, ಚೂರಾಗಿ, ಮರುಬಳಕೆಗೆ ಹೋಗುತ್ತೆ. ಸಿರಿಂಜಿನ ಕವರ್, ಔಷಧಿ ಡಬ್ಬಿ, ಟೀ ಕಪ್ಪು ಹಳದಿಗೆ ಬಿದ್ದರೆ ಸುಮ್ನೆ ಸುಟ್ಟ ಹಾಗೆ. ಅವು ಒಣ ಕಸ, ಪಾಲಿಕೆಯ ಆಟೋಗೆ ಹೋಗಬೇಕಾದವು. ಖರ್ಚು ಏನೂ ಇಲ್ಲ, ಚೀಲ ಕಟ್ಟುವ ಆಯಮ್ಮನಿಗೆ ಅರ್ಧ ಗಂಟೆ ಕೂತು ತೋರಿಸಿಕೊಡಬೇಕು. ಕನ್ನಡದಲ್ಲಿ ಬರೆದ ಚಿತ್ರದ ಚಾರ್ಟು ಡಬ್ಬಿಗಳ ಮೇಲೆ ಅಂಟಿಸಿದರೆ ಸಾಕು. ಕಸ ಒಯ್ಯುವವರು ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದರೆ, ಕಸ ಕಡಿಮೆ ಮಾಡಿದ್ದಕ್ಕೆ ನಿಮ್ಮ ಬಿಲ್ಲು ಇಳಿಯದು. ಆ ಆಸೆ ಇಟ್ಟುಕೊಳ್ಳಬೇಡಿ.

ರೋಗಿಯನ್ನು ಮಲಗಿಸಿ ನೋಡುವ ಮಂಚಕ್ಕೆ ಬಟ್ಟೆ ಹಾಸಾ, ಪೇಪರ್ ರೋಲಾ ಅಂತ ಕೇಳುವವರಿದ್ದಾರೆ. ಒಗೆಯಲು ನೀರು ಇದ್ದರೆ ಬಟ್ಟೆ. 2024ರ ಬೇಸಿಗೆಯಲ್ಲಿ ಬೋರು ಒಣಗಿ ಟ್ಯಾಂಕರ್ ಕಾದ ಬಡಾವಣೆಗಳಲ್ಲಿ ಪೇಪರ್ ರೋಲ್ ಇಟ್ಟವರನ್ನು ನಾನು ತಪ್ಪು ಅನ್ನಲ್ಲ. ಬಿಪಿ ನೋಡಲು, ಗಾಯವಿಲ್ಲದ ಚರ್ಮಕ್ಕೆ ಲಸಿಕೆ ಹಾಕಲು ಗ್ಲೌಸ್ ಬೇಕಿಲ್ಲ, ಕೈ ತೊಳೆದರೆ ಸಾಕು. ಪಾದರಸದ ಬಿಪಿ ಮೆಷಿನ್ ಇನ್ನೂ ಇದ್ದರೆ, ಪರೀಕ್ಷೆಯಾಗಿ ಪಾಸಾದ ಡಿಜಿಟಲ್ ಮೆಷಿನ್ನಿಗೆ ಬದಲಾಯಿಸಿ. ಹಳೆಯದನ್ನು ಹಳದಿ ಚೀಲಕ್ಕೆ ಮಾತ್ರ ಹಾಕಬೇಡಿ, ಸುಟ್ಟರೆ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತೆ. ಪೇಪರ್ ಚೀಟಿ ಬಿಟ್ಟು ವಾಟ್ಸಾಪ್‌ಗೆ ಹೋಗುವುದರಿಂದ ಪರಿಸರಕ್ಕೆ ಸಿಗುವುದು ಬಹಳ ಕಡಿಮೆ. ಅನುಕೂಲಕ್ಕೆ ಮಾಡಿ, ಹಸಿರಿನ ಹೆಸರಲ್ಲಿ ಬೇಡ.

ಫೋನಿನಲ್ಲೇ ನೋಡುವುದು

ಇದರ ಲಾಭ ನಿಮ್ಮ ರೋಗಿಗಳು ಎಲ್ಲಿಂದ ಬರುತ್ತಾರೆ ಅನ್ನುವುದರ ಮೇಲೆ. ಚಾಮರಾಜಪೇಟೆಯ ಕ್ಲಿನಿಕ್ಕಿಗೆ ಪಕ್ಕದ ಬೀದಿಯಿಂದ ನಡೆದು ಬರುವವರಿಗೆ ಫೋನು ಮಾಡಿಸಿದರೆ ಏನೂ ಉಳಿಯದು, ಮುಖ ನೋಡಿ ಗುರುತಿಸುವ ಕಾಯಿಲೆಯೂ ತಪ್ಪಿಹೋಗಬಹುದು. ಮಲ್ಲೇಶ್ವರದಲ್ಲಿದ್ದು ಈಗ ವೈಟ್‌ಫೀಲ್ಡಿಗೆ ಹೋದ, ಆದರೂ ಹಳೇ ಡಾಕ್ಟರನ್ನು ಬಿಡದ ಕುಟುಂಬ ಕಾರಿನಲ್ಲಿ ಹೋಗಿ ಬಂದರೆ ಎಂಟೊಂಬತ್ತು ಕೆಜಿ ಇಂಗಾಲದ ಡೈಆಕ್ಸೈಡ್. ಅಂಥವರ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಯ ಮುಂದುವರಿಕೆಗೆ ಎರಡು ಸಲಕ್ಕೆ ಒಂದು ಸಲ ಫೋನು ಸಾಕು. ಯಾವ ಔಷಧಿಯನ್ನು ನೋಡದೆ ಬರೆಯಬಹುದು, ಯಾವುದು ಬಾರದು ಅನ್ನುವ ಪಟ್ಟಿ 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿದೆ. ಬರಲೇಬೇಕಾದವರಿಗೆ ನೇರಳೆ ಮಾರ್ಗದ ಮೆಟ್ರೋ 2023ರಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಇದೆ. ಅಪಾಯಿಂಟ್‌ಮೆಂಟ್ ಮೆಸೇಜಿನಲ್ಲಿ ಹತ್ತಿರದ ಸ್ಟೇಷನ್ ಹೆಸರು ಹಾಕಿ, ಪಾರ್ಕಿಂಗ್ ಜಗಳವೂ ಕಡಿಮೆಯಾಗುತ್ತೆ. ಫೋನಿಗೆ ಫೀಸು ಎಷ್ಟು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಹಸಿರು ಕೆಲಸ ಪುಕ್ಕಟೆ ಕೆಲಸವಾಗಿ ಆರು ತಿಂಗಳಲ್ಲಿ ನೀವೇ ನಿಲ್ಲಿಸುತ್ತೀರಿ.

ನಿಮ್ಮ ಪರಿಸ್ಥಿತಿಗೆ ಯಾವುದು?

ಬಾಡಿಗೆ ಮಳಿಗೆ, ಕೈಯಲ್ಲಿ ದುಡ್ಡಿಲ್ಲ: ಪಂಪು ಮತ್ತು ಚೀಟಿ. ಕಸದ ಬಣ್ಣ ಸರಿಮಾಡಿ. ಈ ವರ್ಷಕ್ಕೆ ಇಷ್ಟೇ ಸಾಕು.

ಹತ್ತು ಹನ್ನೆರಡು ಸಾವಿರ ಇದೆ: ಮೇಲಿನದರ ಜೊತೆಗೆ ನಾಲ್ಕು ಬಿಎಲ್‌ಡಿಸಿ ಫ್ಯಾನು. ಇಲ್ಲವೇ ಕ್ಲಿನಿಕ್ಕಿನಲ್ಲಿ ತೋರಿಸಿಕೊಡಲು ಇನ್ಹೇಲರ್ ಮಾದರಿಗಳು, ಒಂದೆರಡು ಸ್ಪೇಸರ್, ಎಸಿ ಸೋರಿಕೆಯ ರಿಪೇರಿ. ಎರಡರಲ್ಲಿ ಒಂದು ಅಂದರೆ ನಾನು ಎರಡನೆಯದಕ್ಕೇ ಹೋಗುತ್ತೇನೆ.

ಸ್ವಂತ ಕಟ್ಟಡ, ಒಂದೆರಡು ಲಕ್ಷ ಹಾಕಲು ಸಿದ್ಧ: ಸೋಲಾರ್ ಹಾಕಿಸಿ, ಆದರೆ ಪಂಪಿನ ಕೆಲಸ ಮುಗಿಸಿದ ಮೇಲೆ. ಹೊಸ ಯುಪಿಎಸ್ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ವಾಪಸ್ ಕೊಡಿ.

ಮಕ್ಕಳ ರೋಗಿಗಳೇ ಜಾಸ್ತಿ ಇರುವ ಕ್ಲಿನಿಕ್: ನಿಮಗೆ ಪುಡಿಯ ದಾರಿ ಅಷ್ಟಾಗಿ ತೆರೆದಿಲ್ಲ. ಆಂಟಿಬಯಾಟಿಕ್, ಕೆಮ್ಮಿನ ಸಿರಪ್ಪು ಕಡಿಮೆ ಮಾಡುವುದೇ ನಿಮ್ಮ ಮೊದಲ ಕೆಲಸ.

ಮೂರು ನಾಲ್ಕು ಡಾಕ್ಟರುಗಳು ಸೇರಿ ನಡೆಸುವ ಕಡೆ ಒಬ್ಬರು ಬದಲಾದರೆ ಸಾಲದು. ಪಕ್ಕದ ಮೆಡಿಕಲ್ ಶಾಪಿನವರನ್ನು ಕಳೆದ ತಿಂಗಳು ಎಷ್ಟು ಪಂಪು, ಎಷ್ಟು ರೋಟಾಕ್ಯಾಪ್ ಡಬ್ಬಿ ಹೋಯಿತು ಅಂತ ಕೇಳಿ, ಯಾರ ಹೆಸರೂ ಹಾಕದೆ ಒಟ್ಟು ಲೆಕ್ಕವನ್ನು ಕಾಫಿ ಹೊತ್ತಿಗೆ ಮೇಜಿನ ಮೇಲಿಡಿ. ಮೂರು ತಿಂಗಳಾದ ಮೇಲೆ ಅದೇ ಲೆಕ್ಕ ಮತ್ತೆ ಕೇಳಿ. ಆಗಲೂ ಸಾಲ್ಬುಟಮಾಲ್ ಪಂಪು ಅಷ್ಟೇ ಹೋಗುತ್ತಿದ್ದರೆ, ಯಾವ ರೋಗಿಗಳು ಅದನ್ನೇ ಮತ್ತೆ ಮತ್ತೆ ಕೊಳ್ಳುತ್ತಿದ್ದಾರೆ ಅಂತ ಹುಡುಕಿ, ಅವರನ್ನು ಕ್ಲಿನಿಕ್ಕಿಗೆ ಕರೆಸಿ.